ಫೈನಲ್ ಡೂಮ್

'ಫೈನಲ್ ಡೂಮ್' ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆಯು 1996ರ ಜೂನ್ ತಿಂಗಳಲ್ಲಿ ಹೊರತಂದ ಕಂಪ್ಯೂಟರ್ ಆಟ. ಆಟಗಾರನ ಕಣ್ಣಿನಿಂದಲೇ ದೃಶ್ಯವನ್ನು ಕಾಣಿಸುವ ಶೂಟರ್ ಪ್ರಕಾರಕ್ಕೆ ಇದು ಸೇರುತ್ತದೆ. 'ಡೂಮ್ 2' (1994) ಆಟದ ಎಂಜಿನ್, ಆಯುಧ ಹಾಗೂ ರಾಕ್ಷಸರನ್ನು ಹಾಗೆಯೇ ಉಳಿಸಿಕೊಂಡು ಹೊಸ ಹಂತಗಳನ್ನು ನೀಡುವುದರಿಂದ ಇದನ್ನು ಅದರ ವಿಸ್ತರಣೆಯೆಂದು ಪರಿಗಣಿಸುವುದುಂಟು. ಆದರೆ ಇದನ್ನು ಆಡಲು ಮೂಲ ಆಟದ ಅಗತ್ಯವಿಲ್ಲ. 'ಟಿಎನ್‌ಟಿ: ಇವಿಲ್ಯೂಷನ್' ಮತ್ತು 'ದಿ ಪ್ಲುಟೋನಿಯಾ ಎಕ್ಸ್‌ಪೆರಿಮೆಂಟ್' ಎಂಬ ಎರಡು ಭಾಗಗಳಿದ್ದು, ಪ್ರತಿಯೊಂದರಲ್ಲೂ 32 ಹಂತಗಳಿವೆ.

ಹಿನ್ನೆಲೆ

1993ರ 'ಡೂಮ್' ಆಟದಲ್ಲಿ ಹಂತಗಳ ಮಾಹಿತಿಯನ್ನು 'ವ್ಯಾಡ್' ಎಂಬ ಪ್ರತ್ಯೇಕ ಕಡತದಲ್ಲಿ ಇರಿಸಲಾಗಿತ್ತು. ಮೂಲ ತಂತ್ರಾಂಶವನ್ನು ಮುಟ್ಟದೆಯೇ ಹೊಸ ಹಂತಗಳನ್ನು ರಚಿಸಲು ಇದರಿಂದ ಸಾಧ್ಯವಾಯಿತು. ಹೀಗೆ ಹಂತಗಳನ್ನು ರಚಿಸುತ್ತಿದ್ದ ಹವ್ಯಾಸಿಗಳು ಅಂತರಜಾಲದ ಮೂಲಕ ಒಂದುಗೂಡಿ 'ಟೀಮ್‌ಟಿಎನ್‌ಟಿ' ಎಂಬ ತಂಡವನ್ನು ಕಟ್ಟಿದರು. ಅವರ 'ಇವಿಲ್ಯೂಷನ್' ಉಚಿತವಾಗಿ ಹಂಚಿಕೆಯಾಗಬೇಕಾಗಿತ್ತು. 1995ರ ನವೆಂಬರ್‌ನಲ್ಲಿ, ಬಿಡುಗಡೆಗೆ ಸಿದ್ಧವಾಗಿದ್ದಾಗಲೇ ಇಡ್ ಸಂಸ್ಥೆಯು ಅದನ್ನು ಕೊಂಡುಕೊಂಡಿತು. ಉಚಿತವಾಗಿ ದೊರೆಯುವುದೆಂದು ಕಾದಿದ್ದ ಅಭಿಮಾನಿಗಳಲ್ಲಿ ಇದು ಅಸಮಾಧಾನ ಮೂಡಿಸಿತು. 'ಪ್ಲುಟೋನಿಯಾ' ಭಾಗವನ್ನು ಡಾರಿಯೊ ಮತ್ತು ಮೈಲೊ ಕಸಾಲಿ ಎಂಬ ಸಹೋದರರು ರಚಿಸಿದರು.

ಹಂತಗಳ ವಿನ್ಯಾಸ

ಎರಡು ಭಾಗಗಳ ಸ್ವರೂಪದಲ್ಲಿ ಕಾಣುವ ಅಂತರಕ್ಕೆ ಅವುಗಳ ರಚನೆಯ ಕ್ರಮವೇ ಮುಖ್ಯ ಕಾರಣ.

'ಇವಿಲ್ಯೂಷನ್' ಹಲವು ಕೈಗಳ ಕೆಲಸ. ಗುರುಗ್ರಹದ ಉಪಗ್ರಹವಾದ ಅಯೋದಲ್ಲಿನ ನೆಲೆಯಿಂದ ಇದರ ಕಥೆ ಆರಂಭವಾಗುತ್ತದೆ. ಹೊಸ ಸಂಗೀತವೂ ಹೊಸ ಗೋಡೆಚಿತ್ರಗಳೂ ಇದರಲ್ಲಿವೆ. ನಾಲ್ಕನೆಯ ಹಂತವಾದ 'ವರ್ಮ್‌ಹೋಲ್'ನಲ್ಲಿ ಆಟಗಾರನು ಒಂದು ದ್ವಾರವನ್ನು ದಾಟಿ, ತಾನು ಆಗಲೇ ನೋಡಿದ ಜಾಗದ ಬದಲಾದ ಪ್ರತಿರೂಪವನ್ನು ಪ್ರವೇಶಿಸುತ್ತಾನೆ. ಈ ಕಲ್ಪನೆ ವ್ಯಾಪಕ ಮೆಚ್ಚುಗೆ ಗಳಿಸಿದೆ. 27ನೆಯದಾದ 'ಮೌಂಟ್ ಪೇನ್' ತನ್ನ ಅಗಾಧ ವಿಸ್ತಾರಕ್ಕೆ ಹೆಸರಾಗಿದೆ. ಇದಕ್ಕೆ ವಿರುದ್ಧವಾಗಿ 'ಹ್ಯಾಬಿಟ್ಯಾಟ್' ಎಂಬ 22ನೆಯ ಹಂತವನ್ನು ದುರ್ಬಲ ರಚನೆಯೆಂದು ಟೀಕಿಸಲಾಗುತ್ತದೆ. 31ನೆಯ ಗುಪ್ತ ಹಂತ 'ಫರೋ'ದಲ್ಲಿ ಹಳದಿ ಕೀಲಿಯನ್ನು ಬಹುಆಟಗಾರರ ಆಟದಲ್ಲಿ ಮಾತ್ರ ಕಾಣುವಂತೆ ಗುರುತಿಸಲಾಗಿತ್ತು. ಹೀಗಾಗಿ ಒಬ್ಬನೇ ಆಡುವವನಿಗೆ ಆ ಕೀಲಿ ಸಿಗುತ್ತಿರಲಿಲ್ಲ, ಹಂತವನ್ನು ಸಹಜ ರೀತಿಯಲ್ಲಿ ಮುಗಿಸುವುದೂ ಸಾಧ್ಯವಿರಲಿಲ್ಲ. ಮುಂದೆ ತಂಡವೇ ಸರಿಪಡಿಸಿದ ಕಡತವನ್ನು ಒದಗಿಸಿತು.

'ಪ್ಲುಟೋನಿಯಾ' ಹಂತಗಳು ಸಾಮಾನ್ಯವಾಗಿ ಚಿಕ್ಕವು, ಬಿಗಿಯಾದವು ಮತ್ತು ಅತ್ಯಂತ ಕಠಿಣವಾದವು. ಚೈನ್‌ಗನ್ ಹಿಡಿದ ಸೈನಿಕರು ಮತ್ತು ಸತ್ತ ರಾಕ್ಷಸರನ್ನು ಎಬ್ಬಿಸುವ 'ಆರ್ಚ್‌ವೈಲ್'ಗಳು ಆಟಗಾರನನ್ನು ಸುತ್ತುವರಿಯುವಂತೆ ಹೊಂಚು ಹೂಡಿರುತ್ತವೆ. 11ನೆಯ ಹಂತವಾದ 'ಹಂಟೆಡ್' ಇಂತಹ ಆರ್ಚ್‌ವೈಲ್‌ಗಳು ಅಲೆಯುವ ಚಕ್ರವ್ಯೂಹ. 32ನೆಯ ಗುಪ್ತ ಹಂತ 'ಗೋ 2 ಇಟ್', 'ಡೂಮ್ 2'ರ ಸುಲಭವಾದ ಮೊದಲ ಹಂತದ ನಕಾಶೆಯನ್ನೇ ಎರವಲು ಪಡೆದು ಅದನ್ನು ಬಲಿಷ್ಠ ರಾಕ್ಷಸರಿಂದ ತುಂಬುತ್ತದೆ.

ಹೀಗಾಗಿ ಮೊದಲನೆಯ ಭಾಗದ ಆಕರ್ಷಣೆಯು ವೈವಿಧ್ಯದಲ್ಲಿಯೂ ಎರಡನೆಯದರ ಆಕರ್ಷಣೆಯು ಏಕರೂಪದ ಶಿಸ್ತಿನಲ್ಲಿಯೂ ಇದೆ. ಇವೇ ಗುಣಗಳು ಕ್ರಮವಾಗಿ ಏರುಪೇರು ಮತ್ತು ಆಯಾಸಕರ ಕಾಠಿಣ್ಯ ಎಂಬ ದೋಷಗಳಾಗಿಯೂ ಕಾಣುತ್ತವೆ.

ನಂತರದ ಬೆಳವಣಿಗೆಗಳು

1996ರಲ್ಲಿಯೇ ಪ್ಲೇಸ್ಟೇಷನ್‌ಗಾಗಿ ಬಂದ ಆವೃತ್ತಿಯಲ್ಲಿ 30 ಹಂತಗಳಿದ್ದವು: 'ಇವಿಲ್ಯೂಷನ್'ನಿಂದ 11, 'ಪ್ಲುಟೋನಿಯಾ'ದಿಂದ 6, ಉಳಿದ 13 'ಮಾಸ್ಟರ್ ಲೆವೆಲ್ಸ್ ಫಾರ್ ಡೂಮ್ 2' ಸಂಗ್ರಹದಿಂದ. ಡಾರಿಯೊ ಕಸಾಲಿ ಮುಂದೆ ವಾಲ್ವ್ ಸಂಸ್ಥೆಯನ್ನು ಸೇರಿ 'ಹಾಫ್-ಲೈಫ್' (1998) ಆಟದ ಹಂತವಿನ್ಯಾಸದಲ್ಲಿ ಪಾಲ್ಗೊಂಡರು. ಅಭಿಮಾನಿಗಳು 'ಪ್ಲುಟೋನಿಯಾ 2' ಎಂಬ ಉಚಿತ ಉತ್ತರಭಾಗವನ್ನು ರಚಿಸಿದರು. 2024ರ ಆಗಸ್ಟ್‌ನಲ್ಲಿ ಪ್ರಕಟವಾದ 'ಡೂಮ್ + ಡೂಮ್ 2' ಸಂಗ್ರಹದಲ್ಲಿ ಎರಡೂ ಭಾಗಗಳು ಸೇರಿವೆ.