ಹಳದಿ ದೀಪದ ಲೆಕ್ಕ

ಹೆದ್ದಾರಿಯಲ್ಲಿ ಕಾರು ನಡೆಸುತ್ತಿದ್ದೀರಿ. ಮುಂದಿನ ಕೂಡುರಸ್ತೆಯಲ್ಲಿ ಹಸಿರು ಆರಿ ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಬ್ರೇಕ್ ಒತ್ತಿದರೆ ಗೆರೆ ದಾಟಿ ನಿಲ್ಲುತ್ತೀರಿ. ಸಾಗಿದರೆ ರಸ್ತೆಯ ನಡುವೆ ಇರುವಾಗಲೇ ಕೆಂಪು ಬರುತ್ತದೆ. ತಪ್ಪು ಚಾಲಕನದೆಂದು ಹೇಳಿಬಿಡುವುದು ಸುಲಭ. ಆದರೆ ನಿಜವಾಗಿ ತಪ್ಪು ಯಾರದು?

ಈ ಪ್ರಶ್ನೆಯನ್ನು ಭೌತವಿಜ್ಞಾನದ ಒರೆಗೆ ಹಚ್ಚಿದವರು ಡೆನೋಸ್ ಗಾಜಿಸ್, ರಾಬರ್ಟ್ ಹರ್ಮನ್ ಮತ್ತು ಅಲೆಕ್ಸಿ ಮರಡುಡಿನ್. ಅವರ ಲೇಖನ ಅಮೆರಿಕದಲ್ಲಿ 1960ರಲ್ಲಿ ಪ್ರಕಟವಾಯಿತು. ಹರ್ಮನ್ ಹೆಸರು ನಿಮಗೆ ಪರಿಚಿತವಿರಬಹುದು. ವಿಶ್ವದಲ್ಲೆಲ್ಲ ಸುಮಾರು 5 ಕೆಲ್ವಿನ್ ತಾಪದ ಹಿನ್ನೆಲೆ ವಿಕಿರಣ ಉಳಿದಿರಬೇಕೆಂದು 1948ರಲ್ಲಿ ರಾಲ್ಫ್ ಆಲ್ಫರ್ ಜೊತೆಗೂಡಿ ಲೆಕ್ಕ ಹಾಕಿದವರು ಇವರೇ. 1956ರಲ್ಲಿ ಜನರಲ್ ಮೋಟಾರ್ಸ್ ಸಂಶೋಧನಾಲಯ ಸೇರಿದ ಮೇಲೆ ವಾಹನ ಸಂಚಾರದ ಅಧ್ಯಯನಕ್ಕೆ ತೊಡಗಿದರು.

ಅವರ ವಿಧಾನವನ್ನು ನೀವೇ ಪರೀಕ್ಷಿಸಿ. ಕಾರಿನ ವೇಗ ಗಂಟೆಗೆ 72 ಕಿ.ಮೀ., ಅಂದರೆ ಸೆಕೆಂಡಿಗೆ 20 ಮೀಟರ್ ಇರಲಿ. ದೀಪ ಕಂಡು ಬ್ರೇಕ್ ಒತ್ತಲು 1 ಸೆಕೆಂಡು ಬೇಕು. ಅಷ್ಟರಲ್ಲಿ ಕಾರು 20 ಮೀಟರ್ ಸಾಗಿರುತ್ತದೆ. ಬ್ರೇಕಿನಿಂದ ವೇಗವು ಪ್ರತಿ ಸೆಕೆಂಡಿಗೂ 3 ಮೀ./ಸೆ. ಇಳಿಯುವುದಾದರೆ, ನಿಲ್ಲಲು ಇನ್ನೂ 67 ಮೀಟರ್ ಬೇಕು. ಒಟ್ಟು 87 ಮೀಟರ್.

ಈಗ ಹಳದಿ ದೀಪದ ಅವಧಿ 3 ಸೆಕೆಂಡು ಎನ್ನಿ. ಅಷ್ಟರಲ್ಲಿ ಅದೇ ವೇಗದ ಕಾರು 60 ಮೀಟರ್ ಸಾಗುತ್ತದೆ. ಅಡ್ಡರಸ್ತೆಯ ಅಗಲ 20 ಮೀಟರ್, ಕಾರಿನ ಉದ್ದ 5 ಮೀಟರ್. ಇವನ್ನು ಕಳೆದರೆ, ಗೆರೆಯಿಂದ 35 ಮೀಟರ್ ಒಳಗಿದ್ದವರು ಮಾತ್ರ ಕೆಂಪು ಬರುವ ಮೊದಲು ಪೂರ್ತಿ ದಾಟಬಲ್ಲರು. ಹಾಗಾದರೆ 35ರಿಂದ 87 ಮೀಟರ್ ನಡುವೆ ಇದ್ದವರ ಗತಿ? ಅವರು ನಿಲ್ಲಲಾರರು, ದಾಟಲಾರರು. ಇದೇ 'ಸಂದಿಗ್ಧ ವಲಯ'. ಇಲ್ಲಿ ತಪ್ಪು ಚಾಲಕನದಲ್ಲ, ದೀಪಕ್ಕೆ ಅವಧಿ ಗೊತ್ತುಮಾಡಿದವರದು. ಈ ವಲಯ ಇಲ್ಲವಾಗಲು ಸುಮಾರು 5.6 ಸೆಕೆಂಡು ಬೇಕು. ಇದರಲ್ಲಿ ಒಂದು ಪಾಲನ್ನು, ಎಲ್ಲ ದಿಕ್ಕಿಗೂ ಕೆಂಪು ತೋರುವ ಅವಧಿಯಾಗಿಯೂ ಕೊಡಬಹುದು.

ಕೂಡುರಸ್ತೆಯ ಸುರಕ್ಷತೆಯನ್ನು ಅಪಘಾತಗಳ ಎಣಿಕೆಯಿಂದ ಅಳೆಯುವುದು ವಾಡಿಕೆ. ಹಾಗೆಂದರೆ, ದೋಷ ತಿಳಿಯಲು ಸಾವುನೋವುಗಳಿಗಾಗಿ ಕಾಯಬೇಕು! 1967-68ರಲ್ಲಿ ಅದೇ ಸಂಶೋಧನಾಲಯದ ಪರ್ಕಿನ್ಸ್ ಮತ್ತು ಹ್ಯಾರಿಸ್ ಬೇರೊಂದು ದಾರಿ ತೋರಿಸಿದರು. ಡಿಕ್ಕಿ ತಪ್ಪಿಸಲು ಚಾಲಕರು ಹಠಾತ್ತನೆ ಬ್ರೇಕ್ ಹಾಕುವ ಅಥವಾ ಪಕ್ಕಕ್ಕೆ ಸರಿಯುವ ಸಂದರ್ಭಗಳನ್ನು ಅವರು ಎಣಿಸಿದರು. ಈ 'ಸಂಘರ್ಷ'ಗಳ ಎಣಿಕೆ ಅಪಘಾತದ ದಾಖಲೆಗೆ ಪೂರ್ತಿ ಬದಲಿಯಲ್ಲ. ಆದರೂ ರಕ್ತ ಹರಿಯುವ ಮೊದಲೇ ಅಪಾಯವನ್ನು ಗುರುತಿಸಬಹುದೆಂಬ ಆಲೋಚನೆ ಅಲ್ಲಿಂದ ಬೆಳೆಯಿತು.

ಅಧ್ಯಾಪಕರೇ, ತರಗತಿಯಲ್ಲಿ ಇದೇ ಲೆಕ್ಕವನ್ನು ಗಂಟೆಗೆ 36 ಮತ್ತು 54 ಕಿ.ಮೀ. ವೇಗಗಳಿಗೆ ಮಾಡಿಸಿ. ಎರಡಕ್ಕೂ ಬೇಕಾಗುವ ಅವಧಿ ಒಂದೇ, ಸುಮಾರು 5.2 ಸೆಕೆಂಡು! ಹೀಗೇಕೆ ಎಂಬುದನ್ನು ವಿದ್ಯಾರ್ಥಿಗಳೇ ಕಂಡುಕೊಳ್ಳಲಿ.