ದಕ್ಷಿಣ ಹಾಲೆಂಡ್: ನೆಲ ತಗ್ಗಿದ್ದು ಹೇಗೆಂದು ತಿಳಿದ ಬಗೆ

ರಾಟರ್‌ಡ್ಯಾಮ್, ಹೇಗ್, ಲೈಡೆನ್, ಡೆಲ್ಫ್ಟ್, ಡಾರ್ಡ್ರೆಕ್ಟ್ ಇವೆಲ್ಲ ಒಂದೇ ಪ್ರಾಂತ್ಯದ ಊರುಗಳು. ನೆದರ್ಲೆಂಡ್ಸ್‌ನ ದಕ್ಷಿಣ ಹಾಲೆಂಡ್‌ನಲ್ಲಿ ಇಂದು 37 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಆ ದೇಶದ ಬೇರಾವ ಪ್ರಾಂತ್ಯದಲ್ಲೂ ಇಷ್ಟು ಜನರಿಲ್ಲ, ಇಷ್ಟು ದಟ್ಟಣೆಯೂ ಇಲ್ಲ. ಹಳೆಯ ಹಾಲೆಂಡನ್ನು ಉತ್ತರ, ದಕ್ಷಿಣ ಎಂದು ಒಡೆದದ್ದು 1840ರಲ್ಲಿ. ನೆಲವೆಲ್ಲ ರೈನ್ ಮತ್ತು ಮಾಸ್ ನದಿಗಳು ಕಡಲು ಸೇರುವ ಮುಖಜಭೂಮಿ: ಪಶ್ಚಿಮಕ್ಕೆ ಮರಳುದಿಬ್ಬಗಳ ಸಾಲು, ಅದರ ಹಿಂದೆ ಜೇಡಿಮಣ್ಣು ಮತ್ತು ಪೀಟ್ (ಜವುಗಿನಲ್ಲಿ ಅರೆಕೊಳೆತ ಸಸ್ಯಗಳಿಂದಾದ ಮಣ್ಣು), ದಕ್ಷಿಣಕ್ಕೆ ದ್ವೀಪಗಳು. ನ್ಯೂವೆರ್‌ಕೆರ್ಕ್ ಬಳಿಯ ಒಂದು ಜಾಗ ಸಮುದ್ರಮಟ್ಟಕ್ಕಿಂತ 6.76 ಮೀಟರ್ ಕೆಳಗಿದೆ. ಇದನ್ನು ಕೇಳಿದವರು ಇಡೀ ನಾಡನ್ನು ಕಡಲಿನಿಂದ ಗೆದ್ದುಕೊಂಡದ್ದು ಎಂದುಕೊಳ್ಳುತ್ತಾರೆ. ವಿದ್ವಾಂಸರು ಕಂಡುಕೊಂಡದ್ದು ಬೇರೆಯೇ: ಇಲ್ಲಿನ ಪೀಟ್ ನೆಲ ಒಂದು ಕಾಲಕ್ಕೆ ಕಡಲಿಗಿಂತ ಎತ್ತರದಲ್ಲಿತ್ತು, ಅದನ್ನು ತಗ್ಗಿಸಿದವರು ಅಲ್ಲಿ ಬೇಸಾಯ ಮಾಡಿದವರೇ.

ಈ ತಿಳಿವಳಿಕೆಗೆ ಬರಲು ಬಹಳ ಕಾಲ ಹಿಡಿಯಿತು. 16ನೇ ಶತಮಾನದ ಪಂಡಿತರಿಗೆ ಪ್ರಾಚೀನ ಚರಿತ್ರೆ ಎಂದರೆ ರೋಮನ್ನರ ಗ್ರಂಥಗಳು. 1520ರಲ್ಲಿ ಕಾಟ್‌ವೈಕ್ ತೀರದ ಮರಳು ಕೊಚ್ಚಿಹೋಗಿ ಬ್ರಿಟೆನ್‌ಬರ್ಗ್ ಎಂಬ ರೋಮನ್ ಕಟ್ಟಡದ ತಳಪಾಯ ಕಾಣಿಸಿಕೊಂಡಿತು. ಭೂಪಟಕಾರ ಆರ್ಟೇಲಿಯಸ್ ಅದರ ಚಿತ್ರವನ್ನು ಅಚ್ಚು ಹಾಕಿಸಿದ. ಆಮೇಲೆ ಕಡಲು ಅದನ್ನು ನುಂಗಿತು, ಚಿತ್ರ ಉಳಿಯಿತು.

ಅಗೆದು ನೋಡಬೇಕೆಂಬ ಶಿಸ್ತು ಬಂದದ್ದು ಕಾಸ್ಪರ್ ರೂವೆನ್ಸ್‌ನಿಂದ. 1818ರಲ್ಲಿ ಲೈಡೆನ್ ವಿಶ್ವವಿದ್ಯಾಲಯದಲ್ಲಿ ಪುರಾತತ್ತ್ವದ ಪ್ರಾಧ್ಯಾಪಕನಾದ ಈತ, 1827ರಿಂದ ಫೋರ್‌ಬರ್ಗ್ ಬಳಿಯ ಅರೆಂಟ್ಸ್‌ಬರ್ಗ್ ಎಸ್ಟೇಟಿನಲ್ಲಿ ಫೋರಮ್ ಹಾಡ್ರಿಯಾನಿ ಎಂಬ ರೋಮನ್ ಪಟ್ಟಣವನ್ನು ಅಗೆಸಿದ. ಮಣ್ಣಿನ ಪದರಗಳನ್ನೂ ಗೋಡೆಗಳ ಗುರುತುಗಳನ್ನೂ ನಕ್ಷೆಯಲ್ಲಿ ದಾಖಲಿಸುವ ಅವನ ಶ್ರದ್ಧೆ ಆ ಕಾಲಕ್ಕೆ ಅಪರೂಪ. 1835ರಲ್ಲಿ, ಇನ್ನೂ ನಡುವಯಸ್ಸಿನಲ್ಲೇ, ತನ್ನ ಕೆಲಸವನ್ನು ಪೂರ್ತಿ ಪ್ರಕಟಿಸುವ ಮೊದಲೇ ಅವನು ತೀರಿಕೊಂಡದ್ದು ಈ ಕ್ಷೇತ್ರಕ್ಕಾದ ದೊಡ್ಡ ನಷ್ಟ.

ಮುಂದಿನ ಹೆಜ್ಜೆಗೆ ಯುದ್ಧ ದಾರಿ ಮಾಡಿತು. 1940ರ ಮೇ ತಿಂಗಳ ಕಾಳಗದಲ್ಲಿ ಫಾಲ್ಕೆನ್‌ಬರ್ಗ್ ಹಳ್ಳಿಯ ನಡುಭಾಗ ನಾಶವಾಯಿತು. ಮನೆಗಳಿದ್ದ ಜಾಗದಲ್ಲಿ ಮರುವರ್ಷ ಪುರಾತತ್ತ್ವಜ್ಞ ಎ. ಇ. ಫಾನ್ ಗಿಫೆನ್ ಉತ್ಖನನ ಶುರುಮಾಡಿದರು. ಅಲ್ಲಿ ರೈನ್ ದಂಡೆಯಲ್ಲಿದ್ದ ರೋಮನ್ ಕೋಟೆಯೊಂದರ ಮರದ ಗೋಡೆಗಳು ಒದ್ದೆ ಮಣ್ಣಿನಲ್ಲಿ ಕೊಳೆಯದೆ ಉಳಿದಿದ್ದವು. ಕೋಟೆಯನ್ನು ಒಂದರ ಮೇಲೊಂದರಂತೆ ಹಲವು ಸಲ ಕಟ್ಟಿದ್ದ ಕ್ರಮವನ್ನು ಅವರು ಓದಿ ತೋರಿಸಿದರು. ಹಳೆಯ ಗ್ರಂಥದ ಮಾತೊಂದನ್ನೂ ಮಣ್ಣು ದೃಢಪಡಿಸಿತು: ಮಾಸ್ ಮತ್ತು ರೈನ್ ನಡುವೆ ರೋಮನ್ ಸೇನಾನಿ ಕಾರ್ಬುಲೊ ತನ್ನ ಸೈನಿಕರಿಂದ ಕಾಲುವೆ ತೋಡಿಸಿದನೆಂದು ರೋಮನ್ ಇತಿಹಾಸಕಾರ ಟಾಸಿಟಸ್ ಬರೆದಿದ್ದ. 20ನೇ ಶತಮಾನದ ಕೊನೆಯಲ್ಲಿ ಲೈಡ್ಸೆನ್‌ಡಾಮ್ ಬಳಿ ಆ ಕಾಲುವೆಯ ದಡಕ್ಕೆ ಹೊಡೆದ ಗೂಟಗಳು ಸಿಕ್ಕವು. ಮರದ ಬೆಳವಣಿಗೆಯ ಉಂಗುರಗಳನ್ನು ಎಣಿಸಿದಾಗ ಅವು ಕ್ರಿ.ಶ. 50ರ ಸುಮಾರಿನವೆಂದು ತಿಳಿಯಿತು.

ರೋಮನ್ನರಿಗಿಂತ ಹಿಂದಿನ ಕಾಲ ತೆರೆದುಕೊಂಡದ್ದು ಇನ್ನೂ ತಡವಾಗಿ. ಫ್ಲಾರ್ಡಿಂಗೆನ್‌ನಲ್ಲಿ ಬೆಳಕಿಗೆ ಬಂದು ಆ ಊರಿನ ಹೆಸರನ್ನೇ ಪಡೆದ ಸಂಸ್ಕೃತಿ ಕ್ರಿ.ಪೂ. 3500ರಿಂದ 2500ರವರೆಗಿನದು. ಆ ಜನ ದನ ಸಾಕಿದರು, ಧಾನ್ಯ ಬೆಳೆದರು. ಜೊತೆಗೆ ಬೇಟೆಯನ್ನೂ ಮೀನುಗಾರಿಕೆಯನ್ನೂ ಬಿಡಲಿಲ್ಲ. ಬೇಸಾಯ ಬಂದೊಡನೆ ಬೇಟೆ ಹಿಂದೆ ಸರಿಯಿತೆಂಬ ಸರಳ ಪಾಠ ಈ ಜವುಗಿನಲ್ಲಿ ನಿಲ್ಲಲಿಲ್ಲ. ಪುರಾತತ್ತ್ವಜ್ಞ ಲೇಂಡರ್ಟ್ ಲೌವೆ ಕೋಯ್ಮಾನ್ಸ್ 1974ರಲ್ಲಿ ಮುಖಜಭೂಮಿಯ ರಚನೆಯನ್ನೂ ಅಲ್ಲಿನ ವಸತಿಗಳನ್ನೂ ಒಟ್ಟಿಗೆ ಇಟ್ಟು ವಿವರಿಸಿದರು. 1997ರಲ್ಲಿ ಸರಕು ರೈಲುಮಾರ್ಗದ ಕೆಲಸಕ್ಕೆ ಮುನ್ನ ಹಾರ್ಡಿಂಕ್ಸ್‌ಫೆಲ್ಡ್‌ನಲ್ಲಿ ಅಗೆದಾಗ, ಹಲವು ಮೀಟರ್ ಆಳದಲ್ಲಿ ಹೂತುಹೋಗಿದ್ದ ಮರಳುದಿಬ್ಬದ ಮೇಲೆ ಒಬ್ಬ ಮಹಿಳೆಯ ಅಸ್ಥಿಪಂಜರ ಸಿಕ್ಕಿತು. ಏಳು ಸಾವಿರಕ್ಕೂ ಹೆಚ್ಚು ವರ್ಷ ಹಳೆಯ ಆಕೆಗೆ ಜನ ಟ್ರೈನ್ಟ್ಯೆ ಎಂದು ಹೆಸರಿಟ್ಟರು.

ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಮುಖ್ಯ ಪುಸ್ತಕದಲ್ಲಿ ಎಲುಬೂ ಇಲ್ಲ, ಇಟ್ಟಿಗೆಯೂ ಇಲ್ಲ. ಕಾನೂನಿನ ಇತಿಹಾಸಕಾರ ಎಚ್. ಫಾನ್ ಡೆರ್ ಲಿಂಡೆನ್ 1950ರ ದಶಕದಲ್ಲಿ ಬರೆದ 'ಡೆ ಕೋಪೆ' ಅದು. ಕೋಪೆ ಎಂದರೆ ಒಪ್ಪಂದ. 11ನೇ ಶತಮಾನದಿಂದ ಪೀಟ್ ಜವುಗನ್ನು ಹಾಲೆಂಡನ್ನು ಆಳುತ್ತಿದ್ದ ಕೌಂಟ್‌ಗಳು ಮತ್ತು ಉಟ್ರೆಕ್ಟ್‌ನ ಬಿಷಪ್‌ಗಳು ಹೀಗೆ ಒಪ್ಪಂದದ ಮೇಲೆ ರೈತರಿಗೆ ಕೊಟ್ಟರು. ಒಬ್ಬೊಬ್ಬರಿಗೆ ಸುಮಾರು 110 ಮೀಟರ್ ಅಗಲ, 1,250 ಮೀಟರ್ ಉದ್ದದ ಪಟ್ಟಿ. ರೈತ ಎರಡೂ ಬದಿಗೆ ಬಸಿಗಾಲುವೆ ತೆಗೆದು ನೀರನ್ನು ನದಿಗೆ ಹರಿಸಿ ಧಾನ್ಯ ಬಿತ್ತಿದ. ನೀರು ಇಳಿದಾಗ ಪೀಟ್ ಕುಗ್ಗಿತು. ಗಾಳಿ ತಾಕಿದ ಕಡೆ ಕೊಳೆತು ಕರಗಿತು. ತಲೆಮಾರುಗಳು ಕಳೆದಂತೆ ಹೊಲ ನದಿಯ ಮಟ್ಟಕ್ಕಿಂತ ಕೆಳಗಿಳಿದು ಬಿತ್ತನೆ ಆಗದಾಯಿತು. ಬೇಸಾಯಗಾರ ದನಗಾರನಾದ. ಒಡ್ಡು, ತೂಬು, ನೀರೆತ್ತುವ ಗಾಳಿಯಂತ್ರ, ಅವುಗಳ ನಿಗಾ ನೋಡುವ ಜಲಮಂಡಳಿ ಎಲ್ಲವೂ ಈ ಇಳಿತಕ್ಕೆ ಉತ್ತರವಾಗಿ ಬೆಳೆದವು. 1421ರ ಸೇಂಟ್ ಎಲಿಜಬೆತ್ ಪ್ರವಾಹ ಡಾರ್ಡ್ರೆಕ್ಟ್ ಸುತ್ತಲ ಹಳ್ಳಿಗಳನ್ನು ಮುಳುಗಿಸಿದಾಗ ನೆಲ ಆಗಲೇ ಬಹಳ ತಗ್ಗಿತ್ತು. ಮುಂದೆ ಉರುವಲಿಗೆಂದು ಪೀಟನ್ನೇ ತೋಡಿದ ಕಡೆ ಕೆರೆಗಳಾದವು. ಆ ಕೆರೆಗಳನ್ನು ಬತ್ತಿಸಿದಾಗ ಇಂದಿನ ಅತಿ ತಗ್ಗಿನ ಜಾಗಗಳು ಹುಟ್ಟಿದವು.

ಇತ್ತೀಚಿನ ದಶಕಗಳಲ್ಲಿ ಕೆಲಸ ಕೈಕೊರೆತದ ಕೊಳವೆಗೂ ಕಂಪ್ಯೂಟರಿಗೂ ಬಂದಿದೆ. ಉಟ್ರೆಕ್ಟ್ ವಿಶ್ವವಿದ್ಯಾಲಯದ ಹೆಂಕ್ ಬೆರೆಂಡ್ಸೆನ್ ವಿದ್ಯಾರ್ಥಿಗಳ ಪಡೆಯೊಂದಿಗೆ ಅಪಾರ ಸಂಖ್ಯೆಯ ಕೊರೆತಗಳನ್ನು ಮಾಡಿ, ರೈನ್ ಮತ್ತು ಮಾಸ್‌ನ ಹಳೆಯ ಪಾತ್ರಗಳನ್ನು ಗುರುತಿಸಿದರು. ಎಸ್ತರ್ ಸ್ಟೌಟ್‌ಹಾಮರ್ ಜೊತೆ 2001ರಲ್ಲಿ ಅವರು ತಂದ ನಕ್ಷೆಯನ್ನು ಪುರಾತತ್ತ್ವಜ್ಞರು ಎಲ್ಲಿ ಅಗೆಯಬೇಕೆಂದು ತೀರ್ಮಾನಿಸಲು ಬಳಸುತ್ತಾರೆ. ವಿಮಾನದಿಂದ ಲೇಸರ್ ಹಾಯಿಸಿ ತಯಾರಿಸಿದ ಎತ್ತರದ ನಕ್ಷೆಯಲ್ಲಿ ಕೋಪೆ ಕಾಲದ ಹೊಲಪಟ್ಟಿಗಳು ಗೆರೆ ಎಳೆದಂತೆ ಕಾಣುತ್ತವೆ.

2021ರಲ್ಲಿ ಯುನೆಸ್ಕೊ ರೈನ್ ದಂಡೆಯ ರೋಮನ್ ಗಡಿಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿನ ಮರದ ಅವಶೇಷಗಳು ಉಳಿಯಬೇಕಾದರೆ ಅಂತರ್ಜಲ ಮೇಲಿರಬೇಕು. ಪೀಟ್ ಕರಗುವುದು ನಿಧಾನವಾಗಬೇಕಾದರೂ ಅದೇ ಬೇಕು. ಹುಲ್ಲುಗಾವಲು ಒಣಗಿರಲೆಂದು ಬಯಸುವ ಹೈನುಗಾರರ ಹಿತ ಇದಕ್ಕೆ ಎದುರಾಗಿ ನಿಂತಿದೆ. ಕಾಲುವೆಯಲ್ಲಿ ನೀರು ಎಷ್ಟು ಎತ್ತರಕ್ಕಿರಬೇಕೆಂಬ ಜಲಮಂಡಳಿಗಳ ಚರ್ಚೆಯಲ್ಲಿ ಈಗ ಪುರಾತತ್ತ್ವಜ್ಞರ ಮಾತಿಗೂ ಕೆಲಸವಿದೆ.