ಸಿಲಿಂಡರಿನ ಕಿಂಡಿಗಳು

ಯೆಜ್ಡಿ ಬೈಕಿಗೆ ಇದ್ದದ್ದು ಒಂದೇ ಸಿಲಿಂಡರು, ಸೈಲೆನ್ಸರ್ ಮಾತ್ರ ಎರಡು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಈ ಬೈಕನ್ನು ಓಡಿಸಿದವರು, ಇಲ್ಲವೇ ಹಿಂದಿನ ಸೀಟಿನಲ್ಲಿ ಕೂತು ಚಾಮುಂಡಿ ಬೆಟ್ಟ ಹತ್ತಿದವರು ನಮ್ಮ ಬಳಗದಲ್ಲಿ ಹಲವರಿದ್ದಾರೆ. ಜಾವಾ ಮೂಲತಃ ಚೆಕ್ ದೇಶದ್ದು, ನಿಜ. ಆದರೆ ಅದರ ಎಂಜಿನ್ನಿನೊಳಗಿನ ಮುಖ್ಯ ಉಪಾಯವೊಂದು ಹುಟ್ಟಿದ್ದು ನಾವೀಗ ನೆಲೆಸಿರುವ ಜರ್ಮನಿಯಲ್ಲಿ.

ಟೂ ಸ್ಟ್ರೋಕ್ ಎಂಜಿನ್ನಿನ ಸಿಲಿಂಡರ್ ತಲೆಯಲ್ಲಿ ತೆರೆದು ಮುಚ್ಚುವ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲೇ ಕಿಂಡಿಗಳು. ಮೆಕ್ಯಾನಿಕ್ಕುಗಳು ಪೋರ್ಟ್ ಎನ್ನುತ್ತಾರೆ. ಮೇಲೆ ಕೆಳಗೆ ಓಡುವ ಪಿಸ್ಟನ್ನೇ ಅವಕ್ಕೆ ಬಾಗಿಲು. ಒಂದು ಕಿಂಡಿಯಿಂದ ಹೊಗೆ ಹೊರಹೋಗುವಾಗಲೇ ಇನ್ನೊಂದರಿಂದ ಹೊಸ ಪೆಟ್ರೋಲ್ ಮಿಶ್ರಣ ಒಳಬರಬೇಕು. ಬಂದದ್ದು ಉರಿಯುವ ಮೊದಲೇ ಹೊಗೆಯ ಜೊತೆ ಹೊರಟುಹೋದರೆ ಪೆಟ್ರೋಲ್ ದಂಡ. ಹಳೆಯ ಎಂಜಿನ್ನುಗಳಲ್ಲಿ ಇದನ್ನು ತಡೆಯಲು ಪಿಸ್ಟನ್ನಿನ ನೆತ್ತಿಯ ಮೇಲೆ ಒಂದು ದಿಣ್ಣೆ ಇಡುತ್ತಿದ್ದರು. 1920ರ ದಶಕದಲ್ಲಿ ಡಾಯ್ಟ್ಸ್ ಕಂಪನಿಯ ಅಡಾಲ್ಫ್ ಶ್ನ್ಯೂರ್ಲೆ ಎಂಬ ಎಂಜಿನಿಯರ್ ಕಿಂಡಿಗಳನ್ನೇ ಓರೆಯಾಗಿ ತಿರುಗಿಸಿದರು. ಮಿಶ್ರಣ ಎದುರು ಗೋಡೆಗೆ ಬಡಿದು, ಮೇಲೇರಿ, ಸುತ್ತಿ ಬರುವಂತಾಯಿತು. ದಿಣ್ಣೆ ಬೇಡವಾಯಿತು. ಸ್ಯಾಕ್ಸನಿಯ ಚೊಪಾವ್ ಊರಿನ ಡಿಕೆಡಬ್ಲ್ಯು ಕಂಪನಿ 1930ರ ದಶಕದಲ್ಲಿ ಈ ಪದ್ಧತಿಯನ್ನು ತನ್ನ ಬೈಕುಗಳಿಗೆ ತಂದಿತು.

ಯುದ್ಧದ ನಂತರ ಚೊಪಾವ್ ಪೂರ್ವ ಜರ್ಮನಿಗೆ ಸೇರಿತು. ಅದೇ ಕಾರ್ಖಾನೆ ಎಂಜೆಡ್ ಆಯಿತು. 1953ರಲ್ಲಿ ಅದರ ರೇಸಿಂಗ್ ವಿಭಾಗದ ಹೊಣೆ ವಾಲ್ಟರ್ ಕಾಡನ್ ಅವರಿಗೆ ಬಂತು. ದುಡ್ಡಿಲ್ಲ, ಒಳ್ಳೆಯ ಲೋಹ ಸಿಗುವುದೂ ಕಷ್ಟ. ಅವರ ಬಂಡವಾಳವೆಲ್ಲ ತಲೆಯಲ್ಲಿದ್ದದ್ದು. ಹೊಗೆಯ ಜೊತೆ ಕೊಳವೆಯಲ್ಲಿ ಒತ್ತಡದ ಅಲೆಯೊಂದು ಓಡುತ್ತದೆ. ಕೊಳವೆಯನ್ನು ಮೊದಲು ಅಗಲಿಸಿ ಆಮೇಲೆ ಕಿರಿದುಗೊಳಿಸಿದರೆ ಆ ಅಲೆ ಹಿಂದಿರುಗಿ ಬಂದು, ಹೊರಹೋಗುತ್ತಿದ್ದ ಹೊಸ ಮಿಶ್ರಣವನ್ನು ಸಿಲಿಂಡರಿಗೆ ವಾಪಸು ತಳ್ಳುತ್ತದೆ. ಇದರ ಸುಳಿವು ಡಿಕೆಡಬ್ಲ್ಯುನವರಿಗೆ ಮೊದಲೇ ಸಿಕ್ಕಿತ್ತು, ಪಳಗಿಸಿದವರು ಕಾಡನ್. ಇದರ ಜೊತೆಗೆ ಹಿಂಬದಿಯ ಗೋಡೆಯಲ್ಲಿ ಮೂರನೆಯ ಕಿಂಡಿಯೊಂದನ್ನು ಕೊರೆದರು. ಬಲವೂ ಹೆಚ್ಚಿತು, ಪಿಸ್ಟನ್ನೂ ತಂಪಾಯಿತು. 1961ರ ಹೊತ್ತಿಗೆ ಅವರ 125 ಸಿಸಿ ಎಂಜಿನ್ 25 ಅಶ್ವಶಕ್ತಿ ಕೊಡುತ್ತಿತ್ತು.

ಆ ವರ್ಷ ಆಗಸ್ಟಿನಲ್ಲಿ ಬರ್ಲಿನ್ ಗೋಡೆ ಎದ್ದಿತು. ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ಕ್ರಿಸ್ತಿಯಾನ್‌ಸ್ಟಾಡ್‌ನಲ್ಲಿ ರೇಸು. ಎಂಜೆಡ್ ಸವಾರ ಎರ್ನ್ಸ್ಟ್ ಡೆಗ್ನರ್ ವಿಶ್ವ ಚಾಂಪಿಯನ್‌ಶಿಪ್ಪಿನ ಅಂಕಪಟ್ಟಿಯಲ್ಲಿ ಮುಂದಿದ್ದರು. ಎಂಜಿನ್ ಕೈಕೊಟ್ಟಿತು, ಡೆಗ್ನರ್ ಊರಿಗೆ ಮರಳಲಿಲ್ಲ. ಅದೇ ವಾರಾಂತ್ಯ ಅವರ ಹೆಂಡತಿ ಮಕ್ಕಳನ್ನು ಕಾರಿನ ಡಿಕ್ಕಿಯಲ್ಲಿ ಬಚ್ಚಿಟ್ಟು ಪಶ್ಚಿಮಕ್ಕೆ ದಾಟಿಸಲಾಗಿತ್ತು. ಡೆಗ್ನರ್ ಜಪಾನಿನ ಸುಜುಕಿ ಸೇರಿದರು; ಕಾಡನ್ ವಿದ್ಯೆಯೂ ಅವರ ಜೊತೆ ಹೋಯಿತು. 1962ರಲ್ಲಿ ಸುಜುಕಿ ಬೈಕಿನಲ್ಲಿ ಅವರು 50 ಸಿಸಿ ವಿಶ್ವ ಚಾಂಪಿಯನ್ ಆದರು. ಕಳ್ಳತನವೆಂದು ಬಹಳ ಜನ ಬರೆದಿದ್ದಾರೆ. ಹೆಂಡತಿ ಮಕ್ಕಳ ಜೊತೆ ಗಡಿ ದಾಟಬೇಕಾದವನ ಕೈಯಲ್ಲಿ ಮಾರಲು ಬೇರೇನಿತ್ತು ಎಂದು ಕೇಳಿದವರು ಕಡಿಮೆ. ಆದರೆ ಹೆಚ್ಚು ಕಳೆದುಕೊಂಡವರು ಕಾಡನ್. ಅವರು ಚೊಪಾವ್ ಬಿಡಲಿಲ್ಲ, ಅವರ ಬೈಕಿಗೆ ರಸ್ತೆ ರೇಸಿನ ವಿಶ್ವ ಪ್ರಶಸ್ತಿ ಕೊನೆಗೂ ಬರಲಿಲ್ಲ. 1963ರಲ್ಲಿ ಮೈಕ್ ಹೈಲ್‌ವುಡ್ ಎಂಜೆಡ್ ಏರಿ ಸ್ಯಾಕ್ಸನ್‌ರಿಂಗ್‌ನಲ್ಲಿ ಗೆದ್ದದ್ದು ಒಂದು ಸಮಾಧಾನ. ಕಾಡನ್ ತೀರಿಕೊಂಡದ್ದು 1996ರಲ್ಲಿ. ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿದ್ದೂ ಅದೇ ವರ್ಷ.

ಉರಿಯದ ಪೆಟ್ರೋಲ್ ಹೊಗೆಯ ಕಾರಣಕ್ಕೆ ರಸ್ತೆಯ ಬೈಕುಗಳಿಂದ ಟೂ ಸ್ಟ್ರೋಕ್ ಹೆಚ್ಚುಕಡಿಮೆ ಮರೆಯಾಗಿದೆ. ಆದರೆ ಕಾಡಿನಲ್ಲಿ ಉಳಿದಿದೆ, ಮರ ಕೊಯ್ಯುವ ಚೈನ್ ಸಾ ರೂಪದಲ್ಲಿ. ಹಗುರವಿರಬೇಕು, ಹೇಗೆ ಓರೆ ಹಿಡಿದರೂ ಓಡಬೇಕು; ಅದಕ್ಕೆ ಇದೇ ಸರಿ. ಮರ ಕೊಯ್ಯುವ ಸ್ಪರ್ಧೆಗಳಿಗೆ ಹೋಗುವವರು ಇಂದಿಗೂ ಅದರ ಸಿಲಿಂಡರ್ ಬಿಚ್ಚಿ ಕಿಂಡಿಗಳನ್ನು ಉಜ್ಜುತ್ತಾರೆ. ಹೊಗೆಕಿಂಡಿಯ ಮೇಲಂಚನ್ನು ಒಂದು ಮಿಲಿಮೀಟರಿಗಿಂತ ಕಡಿಮೆ ಏರಿಸಿದರೂ ಅದು ಬೇಗ ತೆರೆದು ಜೋರಿನ ವೇಗದಲ್ಲಿ ಬಲ ಕೂಡುತ್ತದೆ; ನಿಧಾನದಲ್ಲಿ ಎಳೆಯುವ ಶಕ್ತಿ ಅಷ್ಟು ಕಡಿಮೆಯಾಗುತ್ತದೆ. ತೀರಾ ಅಗಲ ಮಾಡಿದರೆ ಪಿಸ್ಟನ್ ರಿಂಗ್ ಕಿಂಡಿಯೊಳಗೆ ಉಬ್ಬಿ ಸಿಕ್ಕಿಕೊಂಡು ಮುರಿಯುತ್ತದೆ. ಉಜ್ಜಿ ತೆಗೆದ ಲೋಹವನ್ನು ಮತ್ತೆ ಅಂಟಿಸಲಾಗದು. ಅದಕ್ಕೇ ಬಲ್ಲವರು ಅರ ಹಿಡಿಯುವ ಮೊದಲು ಸಿಲಿಂಡರಿನೊಳಗೆ ಕಾಗದ ಸುತ್ತಿ, ಕಿಂಡಿಗಳ ಅಚ್ಚು ತೆಗೆದುಕೊಂಡು, ಅಳೆದು ನೋಡುತ್ತಾರೆ.